ಧೂಳ್ಯಾ ಯಾರ ಪೈಕಿ?

ಮುಖ ಮುಚ್ಚಿಕೊಂಡ ಮನುಷ್ಯನ ಚಿತ್ರ ಬರೆದು ಜನರ ಕೈಗೆ ಕೊಟ್ಟರೆ ಅವರು ಅವನ ಕೆಲಸ ನೋಡುವುದಿಲ್ಲ, ಮುಸುಕು ಎಲ್ಲಿ ಸಡಿಲವಾಗಿದೆ ಎಂದು ಹುಡುಕುತ್ತಾರೆ. ನನಗೆ ಇದು ಒಂದು ಸಲ ಆಗಿದ್ದರೆ ಮರೆತುಬಿಡುತ್ತಿದ್ದೆ. ಶಹಾಬಾದಿನಿಂದ ಚಿಂಚೋಳಿಯವರೆಗೆ ಎಲ್ಲಿ ಇಳಿದರೂ ಆಗುತ್ತಲೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಹಾಬಾದಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಹಗಲು ಮಕ್ಕಳಿಂದ ಹೂದಾನಿ, ಮಾವಿನಹಣ್ಣು ಬರೆಯಿಸುತ್ತೇನೆ. ಬಿಡುವು ಸಿಕ್ಕಾಗ ಸೇಡಂನ ಒಂದು ವಾರಪತ್ರಿಕೆಗೆ ಚಿತ್ರಕಥೆ ಬರೆಯುತ್ತೇನೆ. ನಾಯಕನ ಹೆಸರು ಧೂಳ್ಯಾ. ಮೈಗೆಲ್ಲ ಸಿಮೆಂಟಿನ ಧೂಳು, ಮೂಗಿನ ಮೇಲಿನವರೆಗೆ ಬಟ್ಟೆ. ಕಾನೂನು ಕೈಬಿಟ್ಟ ಕಡೆ ಬಂದು, ಕಾನೂನು ಒಪ್ಪದ ರೀತಿಯಲ್ಲಿ ನ್ಯಾಯ ಮಾಡಿ ಹೋಗುತ್ತಾನೆ. ಪೂರಾ ಒಳ್ಳೆಯವನಲ್ಲ, ಪೂರಾ ಕೆಟ್ಟವನೂ ಅಲ್ಲ. ಇಂಥವನ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ. ಹೊಡೆಯುವ ಅಧಿಕಾರ ಇವನಿಗೆ ಕೊಟ್ಟವರು ಯಾರು? ಏಟು ತಪ್ಪಿ ಬೇರೆಯವನಿಗೆ ಬಿದ್ದರೆ? ಇಂಥದ್ದನ್ನು ಕೇಳಿದ್ದು ನನ್ನ ಅಪ್ಪ ಒಬ್ಬನೇ. ಉಳಿದ ಮಂದಿ ಕೇಳಿದ್ದು ಒಂದೇ ಪ್ರಶ್ನೆ, ಅದನ್ನು ತಲೆಬರಹದಲ್ಲೇ ಬರೆದಿದ್ದೇನೆ. ನಮ್ಮ ಕಡೆ ಜಾತಿ ಕೇಳುವುದು ಹೀಗೆಯೇ.

ವಾಡಿಯ ಗೇಟು

ಅಪ್ಪ ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ ಕೆಲಸದಲ್ಲಿದ್ದ. ನಾನು ಸಣ್ಣವನಿದ್ದಾಗ ಒಮ್ಮೆ ಅವ್ವ ನನ್ನನ್ನು ಕರೆದುಕೊಂಡು ಪಾಳಿ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತಿದ್ದಳು. ಗೇಟು ತೆರೆಯಿತು. ಹೊರಗೆ ಬಂದ ಗಂಡಸರೆಲ್ಲ ಒಂದೇ ಬಣ್ಣ. ಕೂದಲು, ಹುಬ್ಬು, ಮೀಸೆ, ಅಂಗಿ ಎಲ್ಲ ಬೂದು. ನಾನು ಓಡಿಹೋಗಿ ಅಪ್ಪನ ಬೆರಳು ಹಿಡಿದುಕೊಂಡು ನಡೆದೆ.

ಆ ಬೆರಳಿನವನು ಏನೂ ಮಾತಾಡದೆ ಚಾದಂಗಡಿಯವರೆಗೆ ಬಂದ, ಒಂದು ಬಿಸ್ಕೀಟ್ ಪುಡಿಕೆ ಕೊಡಿಸಿದ. ಆಮೇಲೆ ಬಗ್ಗಿ, “ತಮ್ಮಾ, ನಾ ನಿಮ್ಮಪ್ಪ ಅಲ್ಲ. ಆದ್ರ ಬಿಸ್ಕೀಟ್ ತಿನ್ನು” ಅಂದ. ನಾನು ಅಳುತ್ತಾ ಹಿಂದೆ ತಿರುಗಿ ನೋಡಿದರೆ ಅಪ್ಪ ಯಾರದೋ ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಆರಾಮವಾಗಿ ಬರುತ್ತಿದ್ದ. ನನ್ನ ತಪ್ಪನ್ನು ಅವ್ವ ಅವತ್ತೇ ಮಾಫ್ ಮಾಡಿದಳು. ಅಪ್ಪನದನ್ನು ಇನ್ನೂ ಮಾಡಿಲ್ಲ. ಧೂಳು ದೊಡ್ಡವರ ಮುಖದ ಮೇಲಿತ್ತು, ಮಕ್ಕಳ ಮುಖದ ಮೇಲೆ ಇರಲಿಲ್ಲವಲ್ಲ ಎಂಬುದು ಅವಳ ವಾದ.

ಆ ಬಣ್ಣ ನನ್ನ ತಲೆಯಲ್ಲಿ ಉಳಿಯಿತು. ನಾವು ಬೌದ್ಧರು. ಅದಕ್ಕೂ ಮೊದಲು ಏನಾಗಿದ್ದೆವು ಎಂಬುದನ್ನು ನಾವು ಮರೆತರೂ ಊರು ಮರೆತಿಲ್ಲ. ಆದರೆ ಆ ಗೇಟಿನಿಂದ ಎಲ್ಲರೂ ಮುಖ ತೊಳೆಯುವ ನೀರಿನ ನಳದವರೆಗಿನ ದಾರಿಯಲ್ಲಿ ಅಪ್ಪ ಯಾರು, ಅವನ ಪಕ್ಕದವನು ಯಾರು ಎಂದು ಯಾರಿಗೂ ಹೇಳಲು ಆಗುತ್ತಿರಲಿಲ್ಲ. ಆಮೇಲೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ನಿಂತು ನಿಂತೇ ಸಾಹಸ ಕಾದಂಬರಿಗಳನ್ನೂ ಕಾಮಿಕ್ಸನ್ನೂ ಓದುವ ಚಟ ಹತ್ತಿತು. ಅವುಗಳಲ್ಲಿನ ಮುಸುಕಿನ ವೀರರು ದೊಡ್ಡ ಬಂಗಲೆಯಲ್ಲಿ ಇರುತ್ತಿದ್ದರು, ಬಂಗಲೆಯ ಕೆಳಗೆ ಗುಪ್ತ ಗುಹೆ. ಶಹಾಬಾದಿನಲ್ಲಿ ಮನೆಯ ಕೆಳಗೆ ತೋಡಿದರೆ ಫರಸಿ ಕಲ್ಲು ಸಿಗುತ್ತದೆ. ಗುಹೆ ಆಗುವ ಮೊದಲೇ ಅದು ಯಾರದೋ ಮನೆಯ ನೆಲವಾಗಿರುತ್ತದೆ. ನಮ್ಮ ಕಡೆಯ ವೀರನಿಗೆ ಗುಹೆ ಬೇಡ, ಧೂಳು ಸಾಕು ಎಂದು ನನಗೆ ಆಗಲೇ ಅನಿಸಿತ್ತು.

ಧೂಳ್ಯಾನ ಮೊದಲ ಪುಟಗಳನ್ನು ಬರೆದಾಗ ಅಪ್ಪ ಇದ್ದ. ಉಸಿರಿನ ತೊಂದರೆ ಆಗಲೇ ಹತ್ತಿತ್ತು. ಪುಟಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ.

“ಮುಖ ಮುಚ್ಕೊಂಡು ಬಂದು ಹೊಡೆಯೋದು ಹೊಸಾದೇನಲ್ಲಪ್ಪಾ, ನಮ್ಮ ಹಿರ್ಯಾರು ಅಂಥಾ ಏಟು ತಿಂದಾರ. ಸಂವಿಧಾನ ಇರಾಗ ನಮಗ್ಯಾಕ ಮುಸುಕು?”

“ಮುಖ ತೋರ್ಸಿ ಕೇಳಿದ್ರ ಮಂದಿ ಮಾತ ಕೇಳೂದಿಲ್ಲಪ್ಪಾ, ಮುಖಾನೇ ನೋಡ್ತಾರ.”

ಅಪ್ಪ ಪುಟಗಳನ್ನು ಸರಿಯಾಗಿ ಜೋಡಿಸಿ ನನಗೆ ಕೊಡುತ್ತಾ, ಏನಾದರೂ ಮಾಡು, ಕೊಲೆ ಮಾತ್ರ ಮಾಡಿಸಬೇಡ ಅಂದ. ಯಾಕೆ ಎಂದು ಕೇಳಿದೆ. “ಕೊಲಿ ಕೇಸಾದ್ರ ಮುಸುಕು ಹಾಕ್ಕೊಂಡಾವ್ನ ವಕಾಲತ್ತಿಗಿ ಸಹಿ ಯಾರ ಮಾಡ್ತಾರ?” ಅಂದ. ಅದಕ್ಕೇ ಧೂಳ್ಯಾ ಇವತ್ತಿನವರೆಗೆ ಯಾರನ್ನೂ ಕೊಂದಿಲ್ಲ.

ಅವ್ವನ ತಕರಾರು ಬೇರೆ. ಅವಳಿಗೆ ಓದಲು ಬರುವುದಿಲ್ಲ, ಚಿತ್ರಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡುತ್ತಾಳೆ. ಇಷ್ಟು ಹೊಡೆದಾಟ ಮಾಡುವವನು ಒಂದು ಚಿತ್ರದಲ್ಲೂ ಉಣ್ಣುವುದಿಲ್ಲವಲ್ಲ ಎಂಬುದು ಅವಳ ಚಿಂತೆ.

ಕೋಳಿ, ಕುರಿ, ಕಾಗೆ

ಕಥೆ ಶುರುವಾಗಿ ಕೆಲವು ವಾರ ಆಗಿತ್ತು. ವಾಡಿಯಲ್ಲಿ ಸೇಡಂ ಕಡೆಯ ಪ್ಯಾಸೆಂಜರ್ ಹತ್ತಿದೆ. ಎದುರಿನ ಸೀಟಿನಲ್ಲಿ ಇಬ್ಬರು ನಮ್ಮ ಪತ್ರಿಕೆಯನ್ನು ಮೊಣಕಾಲಿನ ಮೇಲೆ ಹರಡಿಕೊಂಡು ಕೂತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಹೊಗಳುತ್ತಾರೇನೋ ಎಂದು ಕಿವಿ ಅತ್ತ ಕೊಟ್ಟೆ.

ಒಬ್ಬರು ಚಿತ್ರದ ಮೂಲೆಯಲ್ಲಿದ್ದ ಕೋಳಿಯ ಮೇಲೆ ಬೆರಳಿಟ್ಟರು. ಅಂಗಳದಲ್ಲಿ ಕೋಳಿ ಇದೆ, ಅಂದರೆ ಧೂಳ್ಯಾ ಕೋಳಿ ತಿನ್ನುವ ಪೈಕಿ ಎಂದರು. ಇನ್ನೊಬ್ಬರು ಒಪ್ಪಲಿಲ್ಲ. ಅಂಗಳ ಧೂಳ್ಯಾನದಲ್ಲ, ಖಳನಾಯಕ ಸಾಹುಕಾರನದು, ಕೋಳಿಯೂ ಅವನದೇ ಎಂದರು. “ಸಾಹುಕಾರನ ಮನ್ಯಾಗ ಕೋಳಿ ಎಲ್ಲಿಂದ ಬರ್ತದ? ಅದು ಇವನ ಬೆನ್ನ ಹತ್ತಿ ಬಂದದ” ಅಂದರು ಮೊದಲನೆಯವರು. ಆ ಮೂಲೆ ಖಾಲಿ ಕಾಣುತ್ತಿತ್ತು ಎಂಬ ಒಂದೇ ಕಾರಣಕ್ಕೆ ನಾನು ಕೋಳಿ ಹಾಕಿದ್ದೆ. ಹೇಳುವ ಧೈರ್ಯ ಆಗಲಿಲ್ಲ.

ಮುಂದಿನ ವಾರ ಕೋಳಿ ಬಿಟ್ಟು ಕುರಿ ಹಾಕಿದೆ. ಪತ್ರಿಕೆಯ ವಾಟ್ಸಾಪ್ ಗುಂಪಿನಲ್ಲಿ ಧೂಳ್ಯಾ ಕುರಿ ಕಾಯುವವರ ಪೈಕಿ ಎಂದು ತೀರ್ಮಾನವಾಯಿತು, ಕೆಲವರು ಅಭಿನಂದನೆಯ ಹೂವಿನ ಚಿತ್ರಗಳನ್ನೂ ಕಳಿಸಿದರು. ಅದರ ಮುಂದಿನ ವಾರ ಸಾಕುವ ಪ್ರಾಣಿಯ ಸಹವಾಸವೇ ಬೇಡವೆಂದು ವಿದ್ಯುತ್ ತಂತಿಯ ಮೇಲೆ ಒಂದು ಕಾಗೆ ಕೂಡಿಸಿದೆ. ಕಾಗೆ ಯಾರ ಮನೆಯದೂ ಅಲ್ಲವಲ್ಲ. ಚಿತ್ತಾಪುರ ಸ್ಟೇಷನ್ನಿನಲ್ಲಿ ಅದೇ ಇಬ್ಬರು ಮತ್ತೆ ಸಿಕ್ಕರು. ಎರಡನೆಯವರು ಗೆದ್ದ ದನಿಯಲ್ಲಿ ಹೇಳುತ್ತಿದ್ದರು: “ಕಾಗಿ ಬಂತು ನೋಡು. ಅಂದ್ರ ಅಂವ ಪಿಂಡ ಇಡೋ ಪೈಕಿ.” ಅವತ್ತಿನಿಂದ ಧೂಳ್ಯಾನ ಲೋಕದಲ್ಲಿ ಪ್ರಾಣಿ ಪಕ್ಷಿಗಳಿಲ್ಲ.

ಇನ್ನೊಂದು ಮಾತು. ಅವನು ಸಾಹುಕಾರನ ಗೋದಾಮಿನ ಬೀಗ ಒಡೆದ ವಾರ ಎಲ್ಲ ಪೈಕಿಯವರೂ ಅವನು ತಮ್ಮವನೇ ಎಂದರು. ಕಾಗಿಣಾ ಹೊಳೆಯ ಮರಳು ಕದ್ದು ಒಯ್ಯುವ ಟ್ರ್ಯಾಕ್ಟರಿನ ಗಾಲಿಯ ಗಾಳಿ ಬಿಟ್ಟ ವಾರ ಎಲ್ಲ ಪೈಕಿಯವರೂ ಕೈ ತೊಳೆದುಕೊಂಡರು. ಟ್ರ್ಯಾಕ್ಟರ್ ಎಲ್ಲ ಪೈಕಿಯಲ್ಲೂ ಇತ್ತು.

ನಾನು ಓದಿದ ಕಾಮಿಕ್ಸುಗಳಲ್ಲಿ ಮುಸುಕಿನ ಹಿಂದೆ ಯಾರಿದ್ದಾರೆ ಎಂಬ ಗುಟ್ಟಿಗಾಗಿ ಖಳರು ಪ್ರಾಣ ಬಿಡುತ್ತಿದ್ದರು. ನಮ್ಮಲ್ಲಿ ಆ ಗುಟ್ಟು ಯಾರಿಗೂ ಬೇಕಾಗಿಲ್ಲ. ಹೆಸರು ಬೇಡ, ಊರು ಬೇಡ, ಅವನ ಎದೆಯಲ್ಲಿ ಯಾವ ಗಾಯ ಇದೆ ಎಂಬುದೂ ಬೇಡ. ಪೈಕಿ ಒಂದು ತಿಳಿದರೆ ಸಾಕು, ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ.

ಸಂಪಾದಕರ ಏಕಾದಶಿ

ಪತ್ರಿಕೆಯ ಸಂಪಾದಕರ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ನಿವೃತ್ತ ಕನ್ನಡ ಮಾಸ್ತರರು, ಮನೆತನದಲ್ಲಿ ದೇವಸ್ಥಾನದ ಪೂಜೆ ನಡೆದುಕೊಂಡು ಬಂದಿದೆ. ಧೂಳ್ಯಾನನ್ನು ಯಾರೂ ಮುಟ್ಟದಿದ್ದಾಗ ಅಚ್ಚು ಹಾಕಿದವರು ಅವರು. ನಾನು ಬರೆದ ಒಂದು ಮಾತನ್ನೂ ತಿದ್ದಿದವರಲ್ಲ. ಸೇಡಂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ಜೊತೆ ಕೂತು, ಬಸಿಯಲ್ಲಿ ಹಾಕಿಕೊಂಡು, ಸೊರ್ ಎಂದು ಚಾ ಕುಡಿಯುತ್ತಾರೆ.

ಮಗಳ ಊರಿಗೆ ಹೋಗುವಾಗ ಬರುವಾಗ ಅವರು ಶಹಾಬಾದಿನಲ್ಲಿ ಇಳಿದು ನಮ್ಮ ಮನೆಗೆ ಬರುತ್ತಾರೆ. ಪುಟಗಳನ್ನು ಫೋನಿನಲ್ಲಿ ಕಳಿಸಿದರೂ ಮೂಲ ಚಿತ್ರವನ್ನು ಕಣ್ಣಿಂದ ನೋಡುವ ಆಸೆ. ಬಂದವರನ್ನು ಅವ್ವ ಕೂಡಿಸಿ ಚಾ ಇಡುತ್ತಾಳೆ. ಮೊದಲ ಸಲ ಅವರು ಈಗಷ್ಟೇ ಕುಡಿದು ಬಂದೆ ಅಂದರು. ಎರಡನೆಯ ಸಲ ಸಕ್ಕರೆ ಕಾಯಿಲೆ. ಅವ್ವ ಸಕ್ಕರೆ ಇಲ್ಲದ ಚಾ ಮಾಡಿಟ್ಟ ದಿನ ಪಿತ್ತ. ಆಮೇಲೆ ಏಕಾದಶಿ ಹಿಡಿದುಕೊಂಡರು. ಪಂಚಾಂಗದಲ್ಲಿ ಏಕಾದಶಿ ತಿಂಗಳಿಗೆ ಎರಡು ಸಲ ಬರುತ್ತದೆ, ನಮ್ಮ ಮನೆಯಲ್ಲಿ ಸಂಪಾದಕರು ಬಂದಾಗೆಲ್ಲ ಬರುತ್ತಿತ್ತು.

ಅವ್ವ ಆರಿದ ಚಾವನ್ನು ತಾನೇ ಕುಡಿಯುತ್ತಿದ್ದಳು. ಅವರು ಬರುವ ಸುದ್ದಿ ಇದ್ದ ದಿನ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಹಾಕುತ್ತಿರಲಿಲ್ಲ, ಅಂಥವರು ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದು ಯಾರೋ ಹೇಳಿದ್ದರು. ಅವರಂತೂ ಉಣ್ಣುತ್ತಿರಲಿಲ್ಲ. ಬೆಳ್ಳುಳ್ಳಿ ಇಲ್ಲದ ಪುಂಡಿಪಲ್ಯ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನಗುತ್ತಾ ಬರೆಯುತ್ತಿದ್ದೇನೆ, ಆದರೆ ಆ ಆರಿದ ಲೋಟ ನೋಡಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು. ಒಳ್ಳೆಯ ಮನುಷ್ಯ ಹೀಗೆ ಮಾಡಿದಾಗ ಜಗಳ ಆಡಲಿಕ್ಕೂ ಬರುವುದಿಲ್ಲ.

ಇಂಥ ಒಂದು ಏಕಾದಶಿಯ ದಿನವೇ ಅವರು ಮಾತು ತೆಗೆದರು. ಧೂಳ್ಯಾನದು ಪುಸ್ತಕ ಮಾಡೋಣ, ಆದರೆ ಕೊನೆಯಲ್ಲಿ ಅವನ ಮುಖ ತೋರಿಸಬೇಕು, ಓದುಗರು ಜೀವ ತಿನ್ನುತ್ತಿದ್ದಾರೆ ಅಂದರು. ನಾನು ಆಗುವುದಿಲ್ಲ ಅಂದೆ.

“ಮಾಸ್ತರ್, ಮುಖ ಇಲ್ಲದ ನಾಯಕನ್ನ ಎಷ್ಟ್ ದಿನ ಅಂತ ಮಂದಿ ಸಹಿಸ್ತಾರ್ರಿ? ನೀವು ಬರೀಲಿಲ್ಲಂದ್ರ ಬ್ಯಾರೆ ಯಾರ ಕಡಿಂದರೆ ಬರಸಬೇಕಾಗ್ತದ.”

ಅವರು ಸಿಟ್ಟಿನಿಂದ ಹೇಳಲಿಲ್ಲ, ಬೇಸರದಿಂದ ಹೇಳಿದರು. ನನಗೆ ಹೆದರಿಕೆ ಹುಟ್ಟಿದ್ದು ಅದರಿಂದಲೇ. ಮುಖ ಬಂದರೆ ಹೆಸರು ಬರುತ್ತದೆ, ಹೆಸರಿನ ಹಿಂದೆ ಅಡ್ಡಹೆಸರು ಬರುತ್ತದೆ. ಆ ಗೇಟಿನಿಂದ ನಳದವರೆಗಿನ ದಾರಿ ಅಲ್ಲಿಗೆ ಮುಗಿಯುತ್ತದೆ. ನನ್ನ ಧೂಳ್ಯಾ ಬದುಕಿರುವುದು ಆ ದಾರಿಯಲ್ಲಿ ಮಾತ್ರ.

ಎತ್ತಿದ ಕೈ

ಇದರ ನಡುವೆ ಅರ್ಜಿಗಳು ಬರತೊಡಗಿದವು. ಇಂಥವನನ್ನು ಹೊಡೆಸಿರಿ, ಅಂಥವನನ್ನು ಹೆದರಿಸಿರಿ ಎಂದು. ಪರೀಕ್ಷೆಯ ಕೆಲಸಕ್ಕೆ ಸುಲೇಪೇಟಕ್ಕೆ ಹೋಗಿದ್ದಾಗ ಅಲ್ಲಿನ ಒಬ್ಬ ಬಟ್ಟೆ ಅಂಗಡಿಯವರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಓಣಿಯ ಗಿರಣಿಯವನು ಹೆಣ್ಣುಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ತನಗೆ ಬೇಕಾದವರ ಜೋಳ ಮೊದಲು ಬೀಸುತ್ತಾನಂತೆ. ಕೊಟ್ಟ ಜೋಳಕ್ಕೂ ಬಂದ ಹಿಟ್ಟಿಗೂ ತಾಳೆ ಇರುವುದಿಲ್ಲವಂತೆ. ಕೇಳಿದರೆ ಉಳಿದದ್ದು ಕಲ್ಲಿನಲ್ಲಿ ಅಂಟಿಕೊಂಡಿದೆ ಅನ್ನುತ್ತಾನಂತೆ. ಒಂದೇ ಒಂದು ಏಟು ಕೊಡಿಸಿರಿ ಎಂದು ಕೈ ಮುಗಿದರು.

ಊರು ಹೆಸರು ಬದಲಿಸಿ ಗಿರಣಿಯ ಕಥೆ ಬರೆದೆ. ಕಂತಿನ ಕೊನೆಯ ಚಿತ್ರದಲ್ಲಿ ಧೂಳ್ಯಾ ಗಿರಣಿಯವನ ಕುತ್ತಿಗೆ ಹಿಡಿದು ಬಲಗೈ ಮೇಲೆತ್ತಿದ್ದ. ಕೆಳಗೆ ‘ಮುಂದಿನ ವಾರ’ ಎಂದು ಬರೆದಿದ್ದೆ. ವಾರದ ನಡುವೆ ಬಟ್ಟೆ ಅಂಗಡಿಯವರ ಫೋನು ಬಂತು.

“ಸರ, ಆ ಕೈ ಇಳಸ್ರಿ.”

ಏನಾಯಿತೆಂದು ಕೇಳಿದೆ. ಗಿರಣಿಯವನ ಮಗನಿಗೆ ಅವರ ಮಗಳನ್ನು ಕೊಡುವುದು ನಿಶ್ಚಯವಾಗಿತ್ತು. ಬೀಗರ ಮೇಲೆ ಕೈ ಎತ್ತಿದರೆ ಚೆನ್ನಾಗಿರುವುದಿಲ್ಲ ಅಂದರು. ಹೆಣ್ಣುಮಕ್ಕಳು ಬಿಸಿಲಲ್ಲಿ ನಿಲ್ಲುವುದು? ಅದಕ್ಕೆ ಅವರೇ ಒಂದು ಚಪ್ಪರ ಹಾಕಿಸುತ್ತಾರಂತೆ. ಹಿಟ್ಟು ಕಡಿಮೆ ಬರುವುದು?

“ಬರ್ಲಿ ಬಿಡ್ರಿ. ಇನ್ನ ನಮ್ಮ ಹಿಟ್ಟು ನಮ್ಮ ಮಗಳ ಮನಿಗೇ ಹೋಗ್ತದಲ್ಲ.”

ಕಾದಂಬರಿಗಳಲ್ಲಿನ ಖಳರಿಗೆ ಬೀಗರಿರುವುದಿಲ್ಲ. ಅವರು ಎಲ್ಲಿಂದಲೋ ಬಂದು, ಕೆಟ್ಟದ್ದು ಮಾಡಿ, ಏಟು ತಿಂದು ಹೋಗುತ್ತಾರೆ. ಅವರ ಮನೆಯಲ್ಲಿ ಯಾರೂ ಮದುವೆಯ ವಯಸ್ಸಿಗೆ ಬಂದವರಿರುವುದಿಲ್ಲ. ನಮ್ಮಲ್ಲಿ ಅನ್ಯಾಯ ಮಾಡುವವನು ಯಾರದೋ ಮಾವ, ಯಾರದೋ ಅಳಿಯ. ಹೊಡೆಯುವ ಕೈಗಿಂತ ತಡೆಯುವ ಕೈಗಳೇ ಹೆಚ್ಚು. ಇದು ಒಳ್ಳೆಯದೋ ಕೆಟ್ಟದ್ದೋ ಈಗಲೂ ತಿಳಿಯುತ್ತಿಲ್ಲ. ಇದರಿಂದ ಎಷ್ಟೋ ಏಟು ಬೀಳದೆ ಉಳಿದಿವೆ, ಹಾಗೆಯೇ ಎಷ್ಟೋ ಹಿಟ್ಟು ಕಲ್ಲಿಗೆ ಅಂಟಿ ಹೋಗಿದೆ.

ಆದರೆ ಎತ್ತಿದ ಕೈ ಎತ್ತಿದಂತೆಯೇ ಇತ್ತಲ್ಲ, ಅಚ್ಚಾಗಿ ಹೋಗಿತ್ತು. ಮುಂದಿನ ವಾರ ಆ ಕೈಯಿಂದ ಅಕ್ಷತೆ ಹಾಕಿಸಿದೆ.

ಕೊತ್ತಂಬರಿ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಿತ್ತಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ವ್ಯಾಯಾಮ ಮಾಡಿ ತೋಳು ಬೆಳೆಸಿದ್ದಾನೆ, ಧೂಳ್ಯಾನ ಒಂದು ಕಂತೂ ಬಿಟ್ಟವನಲ್ಲ. ಸಂತೆಯಲ್ಲಿ ಕಾಯಿಪಲ್ಯ ಮಾರುವ ಒಬ್ಬಾಕೆ ತೂಕದಲ್ಲಿ ಮೋಸ ಮಾಡುತ್ತಾಳೆ ಎಂದು ಅವನ ಮನೆಯಲ್ಲಿ ದಿನಾ ಮಾತು. ಒಂದು ದಿನ ಇವನು ಮುಖಕ್ಕೆ ಬೂದಿ ಬಳಿದುಕೊಂಡ, ಮೂಗಿನವರೆಗೆ ಬಟ್ಟೆ ಕಟ್ಟಿದ, ಜನ ತುಂಬಿದ ಸಂತೆಯಲ್ಲಿ ನಡೆದು ಹೋಗಿ ಆಕೆಯ ತಕ್ಕಡಿಯ ಮುಂದೆ ನಿಂತ. ದನಿ ದಪ್ಪ ಮಾಡಿ, ಧೂಳ್ಯಾ ಬಂದಿದ್ದಾನೆ ಎಂದು ಹೇಳಿದ.

ಆಕೆ ತಲೆ ಎತ್ತಿ ಒಮ್ಮೆ ನೋಡಿದಳು. “ಬಂದ್ಯಾ ತಮ್ಮಾ? ನಿಮ್ಮವ್ವ ಈಗಷ್ಟ ಕೊತ್ತಂಬರಿ ಮರತು ಹೋಗ್ಯಾಳ, ತೊಗೊಂಡು ಹೋಗು.”

ಅವನು ಮರುದಿನ ನನಗೆ ಫೋನು ಮಾಡಿ ಜಗಳಕ್ಕೆ ನಿಂತ. ಕಥೆಯಲ್ಲಿ ಧೂಳ್ಯಾನನ್ನು ಯಾರೂ ಗುರುತು ಹಿಡಿಯುವುದಿಲ್ಲ, ನನ್ನನ್ನು ಮಾತ್ರ ಒಂದೇ ನೋಟಕ್ಕೆ ಹೇಗೆ ಹಿಡಿದಳು ಎಂಬುದು ಅವನ ದೂರು. ನಡಿಗೆಗೆ ಮುಸುಕು ಹಾಕಲಿಕ್ಕೆ ಬರುವುದಿಲ್ಲ ಎಂದು ಸಮಾಧಾನ ಹೇಳಿದೆ. ತೂಕ ಏನಾಯಿತು ಎಂದು ಕೇಳಿದ್ದಕ್ಕೆ ಅವನು ಸ್ವಲ್ಪ ಮೆತ್ತಗಾದ. ಅವತ್ತಿನಿಂದ ತೂಕ ಸರಿಯಾಗಿದೆಯಂತೆ. ಮುಸುಕಿಗೆ ಹೆದರಿ ಅಲ್ಲ, ಗೊತ್ತಿದ್ದ ಮನೆಯ ಮಗ ಮುಖಕ್ಕೆ ಬೂದಿ ಬಳಿದುಕೊಂಡು ಸಂತೆಗೆ ಬರುವಂತಾಯಿತಲ್ಲ ಎಂದು ಆಕೆಗೆ ನಾಚಿಕೆಯಾಯಿತಂತೆ. ಇದನ್ನು ಕೇಳಿ ನನಗೆ ಅಪ್ಪನ ಮುಖ ನೆನಪಾಯಿತು. ನಮಗ್ಯಾಕ ಮುಸುಕು ಅಂದಿದ್ದನಲ್ಲ.

ಇದನ್ನೇ ಮುಂದಿನ ಕಂತಿಗೆ ಬರೆಯಲೇ ಎಂದು ಕೇಳಿದೆ. ಬರೆಯಿರಿ, ಕೊತ್ತಂಬರಿ ಮಾತ್ರ ಬಿಡಿರಿ ಅಂದ.

ಮುಖ

ಕೊನೆಗೆ ಸಂಪಾದಕರು ನನ್ನನ್ನು ಕೇಳದೆ ಪತ್ರಿಕೆಯಲ್ಲಿ ಹಾಕಿಯೇಬಿಟ್ಟರು: ಮುಂದಿನ ವಾರ ಧೂಳ್ಯಾ ಮುಸುಕು ತೆಗೆಯುತ್ತಾನೆ. ಫೋನಿನಲ್ಲಿ ಬೇರೊಬ್ಬ ಕಲಾವಿದ ಬರೆದ ಒಂದು ಮಾದರಿ ಚಿತ್ರವನ್ನೂ ಕಳಿಸಿದರು. ಬಿಳಿ ಮೈಬಣ್ಣ, ತಿರುವಿದ ಮೀಸೆ. ಹಣೆಯ ಮೇಲೆ, ನೋಡಿದ ಕೂಡಲೇ ಪೈಕಿ ತಿಳಿಯುವಂಥ ಗುರುತು. ಚಿತ್ರ ಚೆನ್ನಾಗಿಯೇ ಇತ್ತು.

ಖಾಲಿ ಹಾಳೆ ಮುಂದಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ ಕೇಳಿದಳು: “ಇವತ್ತರೆ ಉಂಬತಾನೇನು ನಿನ್ನ ಧೂಳ್ಯಾ?”

ಊಟಕ್ಕೆ ಏಳುವ ಮೊದಲೇ ಕಂತು ಮುಗಿಸಿದೆ. ಹೊಡೆದಾಟವೇ ಇಲ್ಲದ ಕಂತು ಅದು. ಧೂಳ್ಯಾ ಹಸಿದು ಬಂದು ಒಬ್ಬ ಮುದುಕಿಯ ಮನೆಯಲ್ಲಿ ಕೂರುತ್ತಾನೆ. ಅವಳು ತಾಟು ಹಚ್ಚಿ ಮುಂದಿಡುತ್ತಾಳೆ. ಮುಖ ಮುಚ್ಚಿಕೊಂಡು ಹೇಗೆ ಉಣ್ಣುತ್ತೀ, ತೆಗೆ ಅನ್ನುತ್ತಾಳೆ. ಕೊನೆಯ ಚಿತ್ರದಲ್ಲಿ ಧೂಳ್ಯಾ ಮುಸುಕು ಇಳಿಸಿದ್ದಾನೆ, ಬೆನ್ನು ನಮ್ಮ ಕಡೆ ಇದೆ. ಮುಖ ಕಾಣುತ್ತಿರುವುದು ಎದುರಿಗೆ ಕೂತ ಮುದುಕಿಗೆ ಮಾತ್ರ. ಆ ಮುದುಕಿಗೆ ನನ್ನ ಕಣ್ಣ ಮುಂದಿದ್ದ ಅವ್ವನ ಮುಖವನ್ನೇ ಹಾಕಿದೆ: ಗದ್ದದ ಮೇಲಿನ ಹಚ್ಚೆ, ದಾರ ಕಟ್ಟಿದ ಕನ್ನಡಕ, ಬಾಯಿ ಮುಚ್ಚಿಕೊಂಡು ನಗುವ ರೀತಿ. ಮುಸುಕು ತೆಗೆಸಿ ಎಂದರು, ತೆಗೆಸಿದ್ದೇನೆ. ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಸರಿಯಾಗಿ ಕಳಿಸಿದೆ, ಬದಲಿಸಲು ಸಮಯ ಇರಬಾರದು ಎಂದು.

ಪತ್ರಿಕೆ ಬಂದ ಬೆಳಿಗ್ಗೆಯಿಂದ ನಮ್ಮ ಓಣಿಯಲ್ಲಿ ನನ್ನನ್ನು ಕೇಳುವವರಿಲ್ಲ. ಎಲ್ಲರೂ ಅವ್ವನನ್ನು ಹಿಡಿದುಕೊಂಡರು. ನಳದ ಹತ್ತಿರ ಹೆಂಗಸರು, ಕಿರಾಣಿ ಅಂಗಡಿಯಲ್ಲಿ ಅಂಗಡಿಯವನು, ಎಲ್ಲರದೂ ಅದೇ ಮಾತು. ನೀನು ನೋಡಿದ್ದೀ, ಚಿತ್ರದಲ್ಲೇ ಇದ್ದೀ, ಹೇಳು, ಅಂವ ಯಾರ ಪೈಕಿ? ಇದು ಬರೀ ಚಿತ್ರ ಎಂದು ಅವ್ವ ಹೇಳಬಹುದಿತ್ತು. ಹೇಳಲಿಲ್ಲ. ಉಣ್ಣಲಿಕ್ಕೆ ಬಂದವರ ಸುದ್ದಿ ಹೊರಗೆ ಹೇಳಬಾರದು ಎಂದು ಗಂಭೀರವಾಗಿ ತಲೆ ಅಲ್ಲಾಡಿಸಿದಳು. ಅವಳು ಇಷ್ಟು ಖುಷಿಯಾಗಿದ್ದದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ.

ಬರುತ್ತೇನೆಂದು ಬೆಳಿಗ್ಗೆಯೇ ಫೋನು ಮಾಡಿದ್ದ ಸಂಪಾದಕರು ಮಧ್ಯಾಹ್ನದ ಊಟದ ಹೊತ್ತಿಗೆ ಸೇಡಂನಿಂದ ಬಂದಿಳಿದರು. ಬೆಳಿಗ್ಗೆಯಿಂದ ಫೋನುಗಳಿಗೆ ಉತ್ತರ ಕೊಟ್ಟು ಕೊಟ್ಟು ದನಿ ಬಿದ್ದುಹೋಗಿತ್ತು, ಏನೂ ತಿಂದಂತೆ ಕಾಣಲಿಲ್ಲ. ಇದು ಮೋಸ ಮಾಸ್ತರ್ ಎಂದು ಬಾಗಿಲಲ್ಲೇ ಶುರು ಮಾಡಿದರು. ಓದುಗರಿಗೆ ಏನು ಹೇಳಲಿ, ಮುಖ ತೋರಿಸುತ್ತೇನೆಂದು ಬೆನ್ನು ತೋರಿಸಿದಿರಿ ಎಂದರು. ಅಷ್ಟರಲ್ಲಿ ಅವ್ವ ಹೊರಗೆ ಬಂದಳು. ಅವರು ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿದರು, ಅವ್ವನನ್ನು ನೋಡಿದರು, ಮತ್ತೆ ಪತ್ರಿಕೆಯನ್ನು ನೋಡಿದರು. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯ ನನ್ನನ್ನು ಅಲ್ಲಿಯೇ ಬಿಟ್ಟು ಅವ್ವನ ಕಡೆ ತಿರುಗಿದರು.

“ಅವ್ವಾರೆ, ನೀವರೆ ಖರೇ ಹೇಳ್ರಿ. ಅಂವ ಯಾರ ಪೈಕಿ?”

“ಉಂಬಾಗ ನೋಡೀನ್ರಿ” ಅಂದಳು ಅವ್ವ. “ಉಣ್ಣಲಾರದವ್ರಿಗಿ ಹ್ಯಾಂಗ ಹೇಳ್ಲಿ? ಕುಂದ್ರಿ.”

ಸಂಪಾದಕರ ಬಾಯಿಗೆ ಅಭ್ಯಾಸದಂತೆ ಏಕಾದಶಿ ಬಂತು. ಅವ್ವ ಬಾಗಿಲಿನಾಚೆ ನೋಡುತ್ತಾ, ನಾಳೆ ಹುಣ್ಣಿಮೆ, ಏಕಾದಶಿ ಆಗಲೇ ಹೋಯಿತು ಅಂದಳು. ಅವರು ಸಕ್ಕರೆ ಕಾಯಿಲೆ ಅನ್ನಲಿಲ್ಲ, ಪಿತ್ತ ಅನ್ನಲಿಲ್ಲ. ಸ್ವಲ್ಪ ಹೊತ್ತು ಚಪ್ಪಲಿಯನ್ನೇ ನೋಡುತ್ತಾ ನಿಂತರು. ನನಗೆ ಅವರ ಮೇಲೆ ಕನಿಕರ ಬಂತು, ಬೇಡ ಬಿಡವ್ವಾ ಅನ್ನಬೇಕೆನಿಸಿತು. ಅನ್ನಲಿಲ್ಲ. ಅವರು ಚಪ್ಪಲಿ ಬಿಟ್ಟರು, ನಳದಲ್ಲಿ ಕೈಕಾಲು ತೊಳೆದುಕೊಂಡು ಬಂದು ಚಾಪೆಯ ಮೇಲೆ ಕೂತರು.

ಅವ್ವ ತಾಟು ಹಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ನಂಜಿಕೊಳ್ಳಲು ಶೇಂಗಾ ಹಿಂಡಿ. “ಬಳ್ಳೊಳ್ಳಿ ಹಾಕಿಲ್ರಿ” ಅಂದಳು ಮೆಲ್ಲಗೆ. ಸಂಪಾದಕರು ತಟ್ಟನೆ ತಲೆ ಎತ್ತಿ ಅವಳನ್ನು ನೋಡಿದರು. ಇಷ್ಟು ದಿನ ಹಾಕಿರಲಿಲ್ಲ ಎಂಬುದು ಆಗ ಅವರಿಗೆ ಹೊಳೆಯಿತೆಂದು ಕಾಣುತ್ತದೆ. ರೊಟ್ಟಿ ಮುರಿದರು. ಮೊದಲ ತುತ್ತು ಬಾಯಿಯಲ್ಲಿ ಬಹಳ ಹೊತ್ತು ಇತ್ತು. ಎರಡನೆಯದು ಬೇಗ ಹೋಯಿತು. ಆಮೇಲೆ ಪಲ್ಯ ಇನ್ನೊಂದಿಷ್ಟು ಹಾಕಿಸಿಕೊಂಡರು, ಎರಡನೆಯ ರೊಟ್ಟಿಗೆ ಬೇಡ ಅನ್ನಲಿಲ್ಲ. ಬಾಗಿಲ ಹೊರಗೆ ಓಣಿಯ ಹೆಂಗಸರು ಉತ್ತರಕ್ಕಾಗಿ ಉಸಿರು ಹಿಡಿದು ನಿಂತಿದ್ದರು.

“ಈಗ ಹೇಳ್ರಿ ಅವ್ವಾರೆ” ಅಂದರು ಬಾಯಿ ತುಂಬಿಕೊಂಡೇ. “ಅಂವ ಯಾರ ಪೈಕಿ?”

“ಹಸಿದವ್ರ ಪೈಕಿ ರೀ” ಅಂದಳು ಅವ್ವ. “ನಿಮ್ಮಂಗ.”

ಸಂಪಾದಕರಿಗೆ ನಗು ಬಂತು, ತುತ್ತು ನೆತ್ತಿಗೆ ಹತ್ತಿತು. ಅವ್ವ ನೀರಿನ ತಂಬಿಗೆ ಮುಂದೆ ಮಾಡಿದಳು. ಅವರು ಎರಡೂ ಕೈಯಲ್ಲಿ ಹಿಡಿದು ತಳ ಕಾಣುವವರೆಗೆ ಕುಡಿದರು. ಕಣ್ಣು ಒರೆಸಿಕೊಂಡರು, ಅದು ಕೆಮ್ಮಿನದೋ ಬೇರೆಯದೋ ನಾನು ಕೇಳಲಿಲ್ಲ. ಬೇರೆ ಕಲಾವಿದನ ಮಾತು ಅವತ್ತಿಗೆ ಮುಗಿಯಿತು. ಪುಸ್ತಕ ಆ ಬೆನ್ನಿನ ಚಿತ್ರದ ಜೊತೆಯೇ ಅಚ್ಚಾಗುತ್ತಿದೆ.

ಊಟ ಮುಗಿದ ಮೇಲೆ ಅವ್ವ ಎಂದಿನಂತೆ ಒಲೆಯ ಮೇಲೆ ಚಾಕ್ಕೆ ಇಟ್ಟಳು. ಅವರ ಕಾಯಿಲೆ ನೆನಪಾಗಿ, ಸಕ್ಕರೆ ಬಿಟ್ಟೇ ಮಾಡುತ್ತೇನೆ ಎಂದು ಒಳಗಿನಿಂದ ಕೂಗಿ ಹೇಳಿದಳು.

ಸಂಪಾದಕರು ನನ್ನ ಮುಖ ನೋಡಲಿಲ್ಲ. “ಇರ್ಲಿ ಅವ್ವಾರೆ” ಅಂದರು, “ಎರಡ್ ಚಮಚಾ ಹಾಕ್ರಿ.”